ದೊಡ್ಡವ್ವನ ಬಲಗೈ

ತುಬಚಿಯಲ್ಲಿ ಮೂಡಣ ಕೆಂಪಾಗುವ ಮೊದಲೇ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ಕಬ್ಬು ಕಡಿಯುವ ಹಂಗಾಮು. ಕೃಷ್ಣೆಯ ಕಡೆಯಿಂದ ಬೀಸುವ ತಣ್ಣನೆ ಗಾಳಿಯಲ್ಲಿ ಯಾರದೋ ಹೊಲದಲ್ಲಿ ರವದಿ ಸುಟ್ಟ ಕಮಟು ಇರುತ್ತದೆ. ಅದರ ಜೊತೆ ಎಮ್ಮೆಗಳ ಬೆಚ್ಚನೆ ಉಸಿರು, ಒದ್ದೆಯಾದ ಕಣಿಕೆಯ ವಾಸನೆ. ಎರಡೆರಡು ಟ್ರೇಲರ್ ಎಳೆದುಕೊಂಡು ಕಾರ್ಖಾನೆಯ ದಾರಿ ಹಿಡಿದ ಟ್ರ್ಯಾಕ್ಟರಿನ ಹಾಡು ದೂರದಿಂದ ಬಂದು, ಓಣಿಯನ್ನೆಲ್ಲ ತುಂಬಿ, ಮತ್ತೆ ದೂರಾಗುತ್ತದೆ. ಅದು ಅಡಗಿದ ಮೇಲೆ ಈ ಮನೆಯಿಂದ ಪಟಪಟ, ಆ ಮನೆಯಿಂದ ಪಟಪಟ. ಒಂದೊಂದು ಮನೆಯ ಬಡಿತಕ್ಕೆ ಒಂದೊಂದು ಲಯ. ಊರಲ್ಲಿ ಬೆಳೆದವರಿಗೆ ಕಣ್ಣು ಮುಚ್ಚಿಕೊಂಡೇ ಇದು ಯಾರ ಕೈ ಎಂದು ಗೊತ್ತಾಗುತ್ತದೆ.

ದೊಡ್ಡವ್ವನ ಬಡಿತ ಈಗ ಬೇರೆ. ನಮ್ಮ ಜೊತೆ ಹೊಸ್ತಿಲ ಮೇಲೆ ಕುಳಿತು ನೋಡಿ. ಒಲೆಯಲ್ಲಿ ಹತ್ತಿಕಟಗಿ ಚಟಪಟ ಅನ್ನುತ್ತಿದೆ. ಎಸರು ಹಾಕಿ ನಾದಿದ ಜೋಳದ ಹಿಟ್ಟಿನಿಂದ ಹಬೆ ಏಳುತ್ತಿದೆ. ಆಕೆ ಒಂದು ಉಂಡೆ ಹರಿದು ಎರಡೂ ಅಂಗೈ ನಡುವೆ ದುಂಡಗೆ ಮಾಡಿ, ಒಣಹಿಟ್ಟಿನ ಮೇಲಿಟ್ಟು, ಬಲಗೈ ಎತ್ತುತ್ತಾಳೆ. ಎತ್ತಿದ ಕೈ ಒಂದು ಗಳಿಗೆ ಮೇಲೆಯೇ ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. ಎಡಗೈ ಮಾತ್ರ ಅರವತ್ತು ವರ್ಷದ ರೂಢಿಯಲ್ಲಿ ಸರಸರ ತಿರುಗಿಸಲು ಹೊರಟು, ಬಲಗೈ ಇನ್ನೂ ಬಂದಿಲ್ಲವೆಂದು ತಿಳಿದು ಕಾಯುತ್ತದೆ. ಪಟ್, ತಡೆದು ಮತ್ತೊಂದು ಪಟ್. ಆಮೇಲೆ ನಾಲ್ಕು ಬಡಿತ ಒಟ್ಟೊಟ್ಟಿಗೆ, ಮೊದಲಿನ ಹಾಗೆ. ಆಗ ಅವಳ ಮುಖ ಅರಳುವುದನ್ನು ನೋಡಬೇಕು.

“ಅತ್ತಿ, ನೀವು ಕುಂದರ್ರಿ, ನಾ ಬಡೀತೀನಿ” ಎನ್ನುತ್ತಾಳೆ ಸೊಸೆ.

“ಬ್ಯಾಡವಾ. ಡಾಕ್ಟರ್ ಹೇಳ್ಯಾರ, ಕೈಗಿ ಕೆಲಸ ಕೊಡು ಅಂತ. ಕೈ ಮಾತ್ ಕೇಳಾಕ ಹತ್ತೇತಿ. ಆದ್ರ ಸಾವಕಾಶ ಕೇಳ್ತೈತಿ.”

ರೊಟ್ಟಿ ಅಗಲವಾಗುತ್ತಾ ಹೋದಂತೆ ಅಂಚು ಒಂದು ಕಡೆ ಸೀಳುತ್ತದೆ. ಬಲಗೈಯ ಕಿರುಬೆರಳು ಇನ್ನೂ ಪೂರ್ತಿ ಬಿಚ್ಚಿಕೊಂಡಿಲ್ಲ. ಅಂಚಿಗೆ ಒತ್ತು ಸರಿಯಾಗಿ ಬೀಳುವುದಿಲ್ಲ. ದೊಡ್ಡವ್ವ ಬೆರಳನ್ನು ನೀರಲ್ಲಿ ಅದ್ದಿ, ಸೀಳಿನ ಎರಡೂ ಬದಿಗೆ ಸವರಿ, ಚೂರು ಹಿಟ್ಟು ಇಟ್ಟು ಒತ್ತಿ ಕೂಡಿಸುತ್ತಾಳೆ. “ಅಂಚು ಹರಿದ್ರ ರೊಟ್ಟಿ ಉಬ್ಬಂಗಿಲ್ಲೋ ತಮ್ಮಾ.” ಕೂಡಿಸಿದ ಜಾಗ ತೆಳುವಾಗಿ ಬೇರೆಯೇ ಕಾಣುತ್ತದೆ. ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ, ಮಗುಚಿ ಹಾಕಿದಾಗ ರೊಟ್ಟಿ ಉಬ್ಬಿತು.

ಲಕ್ವ ಹೊಡೆದದ್ದು ಹೊಲದಿಂದ ಬಂದು ನೀರು ಕುಡಿಯುವಾಗ. ತಂಬಿಗೆ ಕೈಯಿಂದ ಜಾರಿತು, ಬಾಯಿ ಒಂದು ಕಡೆ ಸೊಟ್ಟಗಾಯಿತು, ಮಾತು ತೊದಲಿತು. ದಣಿವಾಗಿದೆ, ಮಲಗಿದರೆ ಸರಿಹೋಗುತ್ತದೆ ಎಂದು ಮನೆಯವರು ಸಂಜೆಯವರೆಗೆ ಕಾದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ರಾತ್ರಿ. ಆಗ ತೆಗೆದ ಸ್ಕ್ಯಾನಿನ ಫಿಲ್ಮು ಇವತ್ತಿಗೂ ದೇವರ ಮಾಡದ ಮೇಲೆ, ರೇಷನ್ ಕಾರ್ಡಿನ ಜೊತೆ, ಪ್ಲಾಸ್ಟಿಕ್ ಚೀಲದಲ್ಲಿದೆ. ಕಿಟಕಿಯ ಬೆಳಕಿಗೆ ಹಿಡಿದರೆ ಮಿದುಳಿನ ಎಡಗಡೆ ಆಳದಲ್ಲಿ ಒಂದು ಸಣ್ಣ ಮಚ್ಚೆ ಕಾಣುತ್ತದೆ, ಕಡಲೆಕಾಳಿನಷ್ಟು. ಅಷ್ಟು ಸಣ್ಣ ಜಾಗ ಕೆಟ್ಟರೆ ಇಡೀ ಬಲಗೈ ಯಾಕೆ ಬೀಳಬೇಕು, ಬಿದ್ದ ಕೈ ಅಷ್ಟಿಷ್ಟಾದರೂ ಹೇಗೆ ಎದ್ದಿತು? ಈ ಎರಡು ಪ್ರಶ್ನೆ ನನ್ನನ್ನು ಬೆಂಗಳೂರಿನ ಹೊಸೂರು ರಸ್ತೆಗೆ ಎಳೆದುಕೊಂಡು ಹೋದವು.

ಅಲ್ಲಿ ನಿಮ್ಹಾನ್ಸ್‌ನ ಆವರಣದಲ್ಲಿ ಮಿದುಳಿನ ಮ್ಯೂಸಿಯಂ ಇದೆ. ಒಳಗೆ ಕಾಲಿಟ್ಟ ಕೂಡಲೇ ಫಾರ್ಮಲಿನ್ ವಾಸನೆ ಮೂಗಿನ ತುದಿಯನ್ನು ಚುರ್ರೆನ್ನಿಸುತ್ತದೆ. ಗೋಡೆಯುದ್ದಕ್ಕೂ ಕಪಾಟುಗಳು, ಕಪಾಟಿನ ತುಂಬ ಪಾರದರ್ಶಕ ಪೆಟ್ಟಿಗೆಗಳು, ಒಂದೊಂದರಲ್ಲೂ ಒಂದು ಮಿದುಳು ಅಥವಾ ಮಿದುಳಿನ ಒಂದು ಹೋಳು. ಅಪಘಾತದಲ್ಲಿ ಜಜ್ಜಿದ್ದು, ಗಡ್ಡೆ ಬೆಳೆದದ್ದು, ರಕ್ತ ಕಟ್ಟಿ ಕಪ್ಪಾದದ್ದು, ಮುಪ್ಪಿನ ಮರೆವಿನಲ್ಲಿ ಕುಗ್ಗಿದ್ದು. ಗುಂಪಾಗಿ ಬಂದ ಕಾಲೇಜು ಹುಡುಗ ಹುಡುಗಿಯರು ಮೊದಮೊದಲು ಪಿಸುಮಾತಿನಲ್ಲಿರುತ್ತಾರೆ. ವಿವರಿಸುವವರು ಕೈಗವಸು ತೊಡಿಸಿ, ನಿಜವಾದ ಮನುಷ್ಯನ ಮಿದುಳೊಂದನ್ನು ಅಂಗೈ ಮೇಲೆ ಇಟ್ಟಾಗ ಪಿಸುಮಾತೂ ನಿಂತುಹೋಗುತ್ತದೆ. ಸುಮಾರು 1,300 ಗ್ರಾಂ ಇರುವ ವಸ್ತು. ಕೈಗೆ ಇದಕ್ಕಿಂತ ಭಾರದ ಅನುಭವವಾಗುತ್ತದೆ.

ಈ ಮಿದುಳುಗಳು ಇಲ್ಲಿಗೆ ಬಂದದ್ದರ ಹಿಂದೆ ಅನೇಕ ಮನೆಗಳ ದುಃಖವಿದೆ. ನರರೋಗಶಾಸ್ತ್ರಜ್ಞ ಡಾ. ಎಸ್.ಕೆ. ಶಂಕರ್ ಅವರ ಮುಂದಾಳ್ತನದಲ್ಲಿ 1995ರಲ್ಲಿ ಇಲ್ಲಿ ಮಿದುಳು ಬ್ಯಾಂಕ್ ಶುರುವಾಯಿತು. ಸಾವು ಸಂಭವಿಸಿ ಕೆಲವೇ ಗಂಟೆಗಳಾದ ಹೊತ್ತಿನಲ್ಲಿ, ಅಳು ಇನ್ನೂ ನಿಲ್ಲದ ಬಂಧುಗಳ ಎದುರು ನಿಂತು, “ನಿಮ್ಮವರ ಮಿದುಳನ್ನು ಅಧ್ಯಯನಕ್ಕೆ ಕೊಡುತ್ತೀರಾ” ಎಂದು ಕೇಳುವುದು ಸುಲಭದ ಕೆಲಸವಲ್ಲ. ಒಪ್ಪಿ ಕೊಟ್ಟವರ ಔದಾರ್ಯದ ಮೇಲೆಯೇ ಈ ಬ್ಯಾಂಕ್ ನಿಂತಿದೆ. ಒಂದಿಷ್ಟು ಭಾಗ ಫಾರ್ಮಲಿನ್‌ನಲ್ಲಿ, ಒಂದಿಷ್ಟು ಮೈನಸ್ 80 ಡಿಗ್ರಿಯ ಆಸುಪಾಸಿನ ಫ್ರೀಜರುಗಳಲ್ಲಿ, ಮುಂದೆ ಯಾವಾಗಲೋ ಯಾರೋ ಕೇಳಬಹುದಾದ ಪ್ರಶ್ನೆಗಾಗಿ ಕಾದಿರುತ್ತವೆ. ಇಂಥ ಕೊಡುಗೆಯ ಬಗ್ಗೆ ನಮ್ಮ ಊರುಗಳಲ್ಲಿ ಮಾತೇ ಆಗುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಅಡ್ಡಕ್ಕೆ ಕೊಯ್ದ ಒಂದು ಹೋಳಿನ ಮುಂದೆ ನಿಂತುಕೊಳ್ಳೋಣ. ಹೊರಗಿನ ಅಂಚಿನುದ್ದಕ್ಕೂ ಸುಕ್ಕುಸುಕ್ಕಾದ ಬೂದುಬಣ್ಣದ ಪಟ್ಟಿ. ಅದರ ಒಳಗೆ ವಿಶಾಲವಾಗಿ ಹರಡಿದ ಕೆನೆಬಿಳುಪು. ಬೂದು ಭಾಗದಲ್ಲಿ ನರಕೋಶಗಳ ಮೈ ಇರುತ್ತದೆ, ಬಿಳಿ ಭಾಗದಲ್ಲಿ ಅವು ಕಳಿಸುವ ಉದ್ದನೆ ತಂತುಗಳು. ಮನುಷ್ಯನ ಮಿದುಳಿನ ಸುಮಾರು ಅರ್ಧ ಈ ಬಿಳಿ ಭಾಗವೇ. ಕೈಗೆ, ಕಾಲಿಗೆ, ನಾಲಿಗೆಗೆ ಹೋಗುವ ತಂತುಗಳೆಲ್ಲ ಆಳದಲ್ಲಿ ಒಂದು ಇಕ್ಕಟ್ಟಾದ ಜಾಗದಲ್ಲಿ ಒತ್ತೊತ್ತಾಗಿ ಹಾದುಹೋಗುತ್ತವೆ. ಕಡಲೆಕಾಳಿನಷ್ಟು ಜಾಗಕ್ಕೆ ರಕ್ತ ನಿಂತರೆ ಇಡೀ ಬಲಗೈ ಬೀಳುವುದು ಅದಕ್ಕೇ. ದೊಡ್ಡವ್ವನ ಮಚ್ಚೆ ಇದ್ದದ್ದು ಅಲ್ಲಿಯೇ.

ಬಿಳುಪು ಬಂದದ್ದು ಕೊಬ್ಬಿನಿಂದ. ನರತಂತುವಿನ ಸುತ್ತ ಮೈಲಿನ್ ಎಂಬ ಕೊಬ್ಬಿನ ಪದರ ಹತ್ತಾರು ಸುತ್ತು ಬಿಗಿಯಾಗಿ ಹೊದ್ದುಕೊಂಡಿರುತ್ತದೆ. ಹೊದಿಕೆ ಇಲ್ಲದ ತಂತುವಿನಲ್ಲಿ ಸಂಕೇತ ಸೆಕೆಂಡಿಗೆ ಒಂದೆರಡು ಮೀಟರ್ ಸಾಗಿದರೆ ಹೆಚ್ಚು. ದಪ್ಪ ಹೊದಿಕೆಯ ತಂತುವಿನಲ್ಲಿ ಅದು ನೂರು ಮೀಟರ್ ಮುಟ್ಟಬಲ್ಲದು. ಹೊದಿಕೆ ಹೋದರೆ ಸಂಕೇತ ತಡವಾಗುತ್ತದೆ, ಕೆಲವೊಮ್ಮೆ ನಡುದಾರಿಯಲ್ಲೇ ಕರಗುತ್ತದೆ. ಬಹಳ ಕಾಲ ಬೆತ್ತಲೆ ಉಳಿದ ತಂತು ಪೋಷಣೆ ತಪ್ಪಿ ಸಾಯಬಹುದು.

ಈ ಹೊದಿಕೆ ಸುತ್ತುವವರನ್ನು ಮೊದಲು ಬೆಳ್ಳಿ ಬಳಸಿ ಬಣ್ಣ ಹಿಡಿಸಿ ಸ್ಪಷ್ಟವಾಗಿ ತೋರಿಸಿಕೊಟ್ಟವರು ಮ್ಯಾಡ್ರಿಡ್‌ನ ಪಿಯೋ ದೆಲ್ ರಿಯೋ ಒರ್ಟೇಗಾ, 1921ರಲ್ಲಿ. ಆಲಿಗೋಡೆಂಡ್ರೊಸೈಟ್ ಎಂಬ ಆ ಕೋಶ ಒಂದೇ ಹಲವು ಕೈ ಚಾಚಿ, ಹತ್ತಾರು ತಂತುಗಳಿಗೆ ಏಕಕಾಲಕ್ಕೆ ಹೊದಿಕೆ ಸುತ್ತಬಲ್ಲದು. ನರಕೋಶಗಳ ನಡುವಿನ ಇಂಥ ಗ್ಲಿಯಾ ಕೋಶಗಳನ್ನು ಅದಕ್ಕೂ ಮುಂಚೆ, ಆಮೇಲೂ ಎಷ್ಟೋ ವರ್ಷ, ಸಂದು ತುಂಬುವ ಸಾಮಗ್ರಿ ಎಂದೇ ಲೆಕ್ಕಕ್ಕೆ ಹಿಡಿದಿದ್ದರು. 1983ರಲ್ಲಿ ಲಂಡನ್ನಿನಲ್ಲಿ ಮಾರ್ಟಿನ್ ರಾಫ್ ಮತ್ತು ಸಂಗಡಿಗರು ಇಲಿಮರಿಯ ಕಣ್ಣಿನ ನರದಲ್ಲಿ ಇನ್ನೂ ಬಲಿಯದ, ಮುಂದೆ ಹೊದಿಕೆಗಾರನಾಗಬಲ್ಲ ಒಂದು ಪೂರ್ವಕೋಶವನ್ನು ಗುರುತಿಸಿದರು. ಮೂರು ವರ್ಷದ ಬಳಿಕ ಬೆಳೆದ ಇಲಿಯಲ್ಲೂ ಅದು ಸಿಕ್ಕಿತು. ಬೆಳವಣಿಗೆ ಮುಗಿದ ಮಿದುಳಿನಲ್ಲಿ ಹೊಸಬರು ಹುಟ್ಟುವುದಿಲ್ಲ ಎಂಬ ಹಳೆಯ ನಂಬಿಕೆಗೆ ಬಿದ್ದ ದೊಡ್ಡ ಪೆಟ್ಟುಗಳಲ್ಲಿ ಅದೂ ಒಂದು.

ಈಗ ಗೊತ್ತಿರುವಂತೆ, ಬೆಳೆದ ಮಿದುಳು ಮತ್ತು ಬೆನ್ನುಹುರಿಯ ಕೋಶಗಳಲ್ಲಿ ನೂರಕ್ಕೆ ಐದರಿಂದ ಎಂಟರಷ್ಟು ಈ ಪೂರ್ವಕೋಶಗಳೇ. ಇವು ಒಂದು ಮೂಲೆಯಲ್ಲಿ ಗುಂಪಾಗಿ ಕೂತಿಲ್ಲ. ಬೂದು ಭಾಗ, ಬಿಳಿ ಭಾಗ ಎನ್ನದೆ ಎಲ್ಲೆಡೆ ಹರಡಿಕೊಂಡಿವೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಡ್ವೈಟ್ ಬರ್ಗಲ್ಸ್ ಅವರ ಪ್ರಯೋಗಾಲಯದವರು ಬದುಕಿರುವ ಇಲಿಯ ಮಿದುಳಿನೊಳಗೆ ಇವನ್ನು ಹೊಳೆಯುವಂತೆ ಮಾಡಿ, ದಿನದಿನವೂ ಅವೇ ಕೋಶಗಳನ್ನು ನೋಡುತ್ತಾ ಹೋದರು. 2013ರಲ್ಲಿ ಅವರು ಹೇಳಿದ್ದನ್ನು ಓದುವಾಗ ಮೈ ಜುಮ್ಮೆನ್ನುತ್ತದೆ. ಒಂದೊಂದು ಕೋಶವೂ ಸಣ್ಣ ಮೈಯಿಂದ ನವಿರಾದ ಕವಲು ಚಾಚಿ ಸುತ್ತಲೂ ತಡಕಾಡುತ್ತಿರುತ್ತದೆ. ಪಕ್ಕದ ಕೋಶದ ಕವಲು ತಾಗಿದರೆ ಹಿಂದೆ ಸರಿಯುತ್ತದೆ. ಹಾಗಾಗಿ ಪ್ರತಿಯೊಂದಕ್ಕೂ ತನ್ನದೇ ಒಂದು ಸೀಮೆ. ಒಂದು ಕೋಶ ಸತ್ತರೆ, ಇಲ್ಲವೇ ಬಲಿತು ಹೊದಿಕೆ ಸುತ್ತಲು ನಿಂತರೆ, ನೆರೆಯದು ಒಡೆದು ಎರಡಾಗಿ ಖಾಲಿ ಜಾಗವನ್ನು ತುಂಬುತ್ತದೆ. ಇದಕ್ಕೂ ಮುಂಚೆ, 2000ದಲ್ಲಿ, ನರಕೋಶಗಳು ಈ ಪೂರ್ವಕೋಶಗಳ ಜೊತೆ ನೇರ ಸಂಪರ್ಕ ಕಟ್ಟಿಕೊಂಡಿರುವುದನ್ನೂ ಬರ್ಗಲ್ಸ್ ತೋರಿಸಿದ್ದರು. ನರಗಳ ನಡುವೆ ನಡೆಯುವ ಮಾತುಕತೆ ಇವಕ್ಕೂ ಮುಟ್ಟುತ್ತದೆ.

ಎಲ್ಲಿಯಾದರೂ ಹೊದಿಕೆ ಹರಿದರೆ ಸುತ್ತಲಿನ ಪೂರ್ವಕೋಶಗಳು ಎಚ್ಚರಗೊಳ್ಳುತ್ತವೆ, ಗಾಯದತ್ತ ಸರಿಯುತ್ತವೆ, ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ, ಬಲಿತು ಬರಿದಾದ ತಂತುವಿಗೆ ಮತ್ತೆ ಸುತ್ತು ಹಾಕುತ್ತವೆ. ದುರಸ್ತಿಯಾದ ಹೊದಿಕೆ ಮೂಲದಷ್ಟು ದಪ್ಪವಿರುವುದಿಲ್ಲ. ದೊಡ್ಡವ್ವ ನೀರು ಸವರಿ ಕೂಡಿಸಿದ ರೊಟ್ಟಿಯ ಅಂಚಿನ ಹಾಗೆ ತೆಳು, ಗುರುತು ಉಳಿದ, ಆದರೆ ಕೆಲಸಕ್ಕೆ ಬರುವ ಕೂಡಿಕೆ. ಮೈಲಿನ್ನಿಗೆ ನೀಲಿ ಹಿಡಿಸುವ ಬಣ್ಣ ಹಾಕಿದ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಆರೋಗ್ಯದ ಜಾಗ ಕಡುನೀಲಿ, ಹರಿದ ಜಾಗ ಬಣ್ಣವೇ ಹಿಡಿಯದ ಬೋಳು, ಅವೆರಡರ ನಡುವೆ ಅಲ್ಲಲ್ಲಿ ಮಾಸಿದ ತಿಳಿನೀಲಿ. ಆ ತಿಳಿನೀಲಿ ಮಿದುಳು ತನ್ನನ್ನು ತಾನೇ ದುರಸ್ತಿ ಮಾಡಿಕೊಂಡ ಜಾಗ.

ಈ ತಿಳಿನೀಲಿ ಹೆಚ್ಚಾಗಿ ಕಾಣುವುದು ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ಕಾಯಿಲೆಯಲ್ಲಿ. ಮೈಯ ರಕ್ಷಣಾ ಪಡೆಯೇ ಮೈಲಿನ್ ಮೇಲೆ ತಿರುಗಿಬೀಳುವ ರೋಗವಿದು. ಚಿಕ್ಕ ವಯಸ್ಸಿನವರನ್ನು, ಅದರಲ್ಲೂ ಹೆಂಗಸರನ್ನು ಹೆಚ್ಚು ಹಿಡಿಯುತ್ತದೆ. ಇದು ತಂಪು ದೇಶದವರ ಕಾಯಿಲೆ, ನಮ್ಮಲ್ಲಿಲ್ಲ ಎಂಬ ಮಾತು ಬಹುಕಾಲ ನಡೆಯಿತು. ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಅವರು ಊರಿನ ರೋಗಿಗಳನ್ನು ಎಣಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಕ್ಷ ಜನಕ್ಕೆ ಸುಮಾರು ಎಂಟು ಮಂದಿ ಸಿಕ್ಕಿದ್ದರು. ನಮ್ಮಲ್ಲೂ ಇದೆ, ಪತ್ತೆಯಾಗುವುದು ಕಡಿಮೆ.

ಕೈಗೆ ಕೆಲಸ ಕೊಡು ಎಂದ ಡಾಕ್ಟರ ಮಾತಿಗೆ ಬರೋಣ. 2014ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಲಿಯಂ ರಿಚರ್ಡ್‌ಸನ್ ಅವರ ತಂಡ ಇಲಿಗಳಿಗೆ ಒಂದು ವಿಚಿತ್ರ ಚಕ್ರ ಕೊಟ್ಟಿತು. ಅದರ ಮೆಟ್ಟಿಲುಕಡ್ಡಿಗಳಲ್ಲಿ ಕೆಲವನ್ನು ಅಲ್ಲಲ್ಲಿ ಕಿತ್ತುಹಾಕಿದ್ದರು. ಮೊದಲು ಎಡವಿದ ಇಲಿಗಳು ಕೆಲವು ದಿನಗಳಲ್ಲಿ ಅಂತರ ಲೆಕ್ಕಹಾಕಿ ಸರಾಗ ಓಡತೊಡಗಿದವು. ಹೊಸ ಹೊದಿಕೆಗಾರ ಕೋಶಗಳು ಹುಟ್ಟದಂತೆ ಮಾಡಿದ್ದ ಇಲಿಗಳು ಮಾತ್ರ ಆ ಚಕ್ರವನ್ನು ಚೆನ್ನಾಗಿ ಪಳಗಿಸಿಕೊಳ್ಳಲಾರದೆ ಹೋದವು. ಕಲಿಕೆ ಶುರುವಾದ ಕೆಲವೇ ಗಂಟೆಗಳಲ್ಲಿ ಪೂರ್ವಕೋಶಗಳು ಬಲಿಯಲು ಹೊರಡುತ್ತವೆ ಎಂದು ಅದೇ ತಂಡ ಎರಡು ವರ್ಷದ ಮೇಲೆ ತೋರಿಸಿತು. ಕೈಕಾಲಿನ ಕೆಲಸ ಮಿದುಳಿನೊಳಗಿನ ಈ ಕೆಲಸಗಾರರನ್ನು ಎಬ್ಬಿಸುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ನಾನು ಕಂಡಿಲ್ಲ.

ಹಾಗೆಂದು ದೊಡ್ಡವ್ವನ ಕೈಯನ್ನು ಇವೇ ಎಬ್ಬಿಸಿದವು ಎಂದು ಹೇಳಿದರೆ ಅದು ಸುಳ್ಳಾದೀತು. ಲಕ್ವದ ನಂತರ ಕೈ ಮರಳುವುದರಲ್ಲಿ ಉಳಿದ ನರಜಾಲ ಹೊಸ ದಾರಿ ಹಿಡಿಯುವುದರ ಪಾಲು ದೊಡ್ಡದು. ಬಿಳಿ ಭಾಗದಲ್ಲಿ ಲಕ್ವವಾದ ಇಲಿಗಳಲ್ಲಿ ಪೂರ್ವಕೋಶಗಳು ಗಾಯದ ಸುತ್ತ ಹೆಚ್ಚಿಕೊಂಡರೂ ಬಹಳಷ್ಟು ಅರ್ಧಕ್ಕೇ ನಿಲ್ಲುತ್ತವೆ, ಬಲಿಯುವುದಿಲ್ಲ. ಮನುಷ್ಯರಲ್ಲಂತೂ ಇವುಗಳ ಕೆಲಸ ಇನ್ನೂ ನಿಧಾನ. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ವಿಕಿರಣಶೀಲ ಇಂಗಾಲ ನಮ್ಮೆಲ್ಲರ ಕೋಶಗಳಲ್ಲೂ ಹುಟ್ಟಿದ ಕಾಲದ ಗುರುತು ಬಿಟ್ಟಿದೆ. ಅದನ್ನು ಅಳೆದು ಸ್ವೀಡನ್ನಿನ ಯೊನಾಸ್ ಫ್ರಿಸೇನ್ ಅವರ ತಂಡ 2014ರಲ್ಲಿ ಲೆಕ್ಕ ಕೊಟ್ಟಿತು: ಬೆಳೆದ ಮನುಷ್ಯನ ಬಿಳಿ ಭಾಗದಲ್ಲಿ ವರ್ಷಕ್ಕೆ ಮುನ್ನೂರರಲ್ಲಿ ಒಂದು ಹೊದಿಕೆಗಾರ ಕೋಶ ಮಾತ್ರ ಹೊಸದಾಗಿ ಬರುತ್ತದೆ. ಮಲ್ಟಿಪಲ್ ಸ್ಕ್ಲೀರೋಸಿಸ್ ಇದ್ದವರ ತಿಳಿನೀಲಿ ಜಾಗದಲ್ಲೂ ಹಳೆಯ, ಬದುಕುಳಿದ ಕೋಶಗಳೇ ಮತ್ತೆ ಸುತ್ತು ಹಾಕಿರಬಹುದೆಂದು 2019ರಲ್ಲಿ ಅವರೇ ಬರೆದರು. ಇಲಿಯ ಸಂಭ್ರಮವನ್ನು ಹಾಗೇ ಮನುಷ್ಯನ ಲೆಕ್ಕಕ್ಕೆ ಬರೆಯುವ ಹಾಗಿಲ್ಲ.

ವಯಸ್ಸಾದಂತೆ ಪೂರ್ವಕೋಶಗಳೂ ಮುದಿಯಾಗುತ್ತವೆ. ಕರೆ ಬಂದರೂ ಬೇಗ ಏಳುವುದಿಲ್ಲ. ಕೇಂಬ್ರಿಜ್‌ನಲ್ಲಿ ರಾಬಿನ್ ಫ್ರಾಂಕ್ಲಿನ್ ಅವರ ತಂಡ 2019ರಲ್ಲಿ ಮುದಿ ಇಲಿಗಳಿಗೆ ದಿನ ಬಿಟ್ಟು ದಿನ ಉಪವಾಸ ಹಾಕಿ, ಇನ್ನು ಕೆಲವಕ್ಕೆ ಮೆಟ್‌ಫಾರ್ಮಿನ್ ಕೊಟ್ಟು ನೋಡಿದಾಗ, ಆ ಕೋಶಗಳಿಗೆ ಹರೆಯದ ಚುರುಕು ಮರಳಿತು. ಮೆಟ್‌ಫಾರ್ಮಿನ್ ಎಂದರೆ ಬೇರೇನಲ್ಲ, ತುಬಚಿಯಲ್ಲಿ ಎಷ್ಟೋ ಮನೆಗಳ ಗೂಡಿನಲ್ಲಿ ಇರುವ ಸಕ್ಕರೆ ಕಾಯಿಲೆಯ ಗುಳಿಗೆ. ಸಕ್ಕರೆ ಇಲ್ಲದವರು ಮಿದುಳಿಗೆ ಒಳ್ಳೆಯದೆಂದು ಅದನ್ನು ನುಂಗಬಾರದು. ಅದು ಇಲಿಯಲ್ಲಿ ಕಂಡ ಫಲ. ಅಲರ್ಜಿಗೆ ಕೊಡುವ ಕ್ಲೆಮಾಸ್ಟಿನ್ ಎಂಬ ಹಳೆಯ ಔಷಧಿಯನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 50 ಮಂದಿ ಮಲ್ಟಿಪಲ್ ಸ್ಕ್ಲೀರೋಸಿಸ್ ರೋಗಿಗಳ ಮೇಲೆ ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಕೊಟ್ಟರು. ಕಣ್ಣಿನಿಂದ ಮಿದುಳಿಗೆ ಸಂಕೇತ ಹೋಗುವ ತಡ ಸೆಕೆಂಡಿನ ಸಾವಿರದಲ್ಲಿ ಎರಡು ಪಾಲಿಗಿಂತಲೂ ಕಡಿಮೆ ಇಳಿದಿತ್ತು. ಅಷ್ಟೇ. ಆದರೆ ಬೆಳೆದ ಮನುಷ್ಯನಲ್ಲೂ ಔಷಧಿಯಿಂದ ಹೊದಿಕೆಯ ದುರಸ್ತಿಗೆ ಒತ್ತು ಕೊಡಬಹುದು ಎಂಬ ಮೊದಮೊದಲ ಸುಳಿವುಗಳಲ್ಲಿ ಅದು ಸೇರಿತು. ಮಾನವ ಪೂರ್ವಕೋಶಗಳನ್ನೇ ಹೊರಗಿನಿಂದ ನೆಡುವ ದಾರಿಯೂ ಇದೆ. ಅಮೆರಿಕದ ರಾಚೆಸ್ಟರ್‌ನ ಸ್ಟೀವನ್ ಗೋಲ್ಡ್‌ಮನ್ ಅವರ ತಂಡ 2008ರಲ್ಲಿ ಹುಟ್ಟಿನಿಂದಲೇ ಮೈಲಿನ್ ಇಲ್ಲದ, ಬೇಗ ಸಾಯುವ ಇಲಿಮರಿಗಳಿಗೆ ಅವನ್ನು ನೆಟ್ಟು, ಕೆಲವನ್ನು ಉಳಿಸಿಕೊಂಡಿತು.

ಸುದ್ದಿ ಇಲ್ಲಿಯವರೆಗೆ ಬಂದಾಗ ಅದನ್ನು ಮಾರುವವರೂ ಬರುತ್ತಾರೆ. ದೊಡ್ಡವ್ವನ ಮಗನ ಕೈಗೆ ಯಾರೋ ಒಂದು ಬಣ್ಣದ ಕರಪತ್ರ ಕೊಟ್ಟಿದ್ದರು. ಸ್ಟೆಮ್ ಸೆಲ್ ಇಂಜೆಕ್ಷನ್, ಬಿದ್ದ ಕೈ ಏಳುತ್ತದೆ, ಒಂದು ಕೋರ್ಸಿಗೆ ಲಕ್ಷಗಟ್ಟಲೆ. ಅವನು ಕಬ್ಬಿನ ಬಿಲ್ಲು ಬಂದ ಕೂಡಲೇ ಹೋಗೋಣವೆಂದು, ಸಾಲದಿದ್ದರೆ ಹೊಳೆದಂಡೆಯ ಹೊಲದಲ್ಲಿ ಒಂದಿಷ್ಟು ಕೊಡೋಣವೆಂದು ಮನಸ್ಸು ಮಾಡಿದ್ದ. ತಾಯಿಗಾಗಿ ಹೊಲ ಕೊಡಲು ಹೊರಟವನನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ತಪ್ಪು ಆ ಕಾಗದ ಅಚ್ಚು ಹಾಕಿಸಿದವರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ಕೆಲವು ನಿಗದಿತ ರಕ್ತಸಂಬಂಧಿ ಕಾಯಿಲೆಗಳ ಅಸ್ಥಿಮಜ್ಜೆ ಕಸಿಯಂಥ ಚಿಕಿತ್ಸೆ ಬಿಟ್ಟರೆ, ಸ್ಟೆಮ್ ಸೆಲ್ ಅನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬಹುದು. ಪ್ರಯೋಗಕ್ಕೆ ಒಳಗಾಗುವವರಿಂದ ಆ ಪ್ರಯೋಗದ ಖರ್ಚು ವಸೂಲಿ ಮಾಡುವಂತಿಲ್ಲ. ಲಕ್ವಕ್ಕೆ ಸ್ಟೆಮ್ ಸೆಲ್ ಇಂಜೆಕ್ಷನ್ನಿಗೆ ಯಾರಾದರೂ ಬಿಲ್ಲು ಹಾಕಿದರೆ, ಆ ಬಿಲ್ಲೇ ಅವರ ಸುಳ್ಳಿಗೆ ಸಾಕ್ಷಿ. ಇದು ತಿಳಿದ ಮೇಲೆ ಅವನು ಹಿಂದೆ ಸರಿದ, ಹೊಲ ಉಳಿಯಿತು. ಕಬ್ಬಿನ ಹಣದಲ್ಲಿ ಒಂದು ಸಣ್ಣ ಪಾಲು ಫಿಸಿಯೋಥೆರಪಿಗೆ ಹೋಯಿತು, ಅದು ಸಾರ್ಥಕವಾದ ಖರ್ಚು.

ಮ್ಯೂಸಿಯಂನಲ್ಲಿ ನೋಡಿದ್ದು, ಓದಿದ್ದು ಎಲ್ಲ ಸೇರಿ ನನಗೆ ಮುಟ್ಟಿದ ಒಂದು ಸಂಗತಿಯಿದೆ. ಈ ಪೂರ್ವಕೋಶಗಳು ಹರಿದ ಹೊದಿಕೆಯನ್ನು ಮತ್ತೆ ಸುತ್ತಬಲ್ಲವು, ಸತ್ತ ತಂತುವನ್ನು ಬದುಕಿಸಲಾರವು. ಸುತ್ತಲಿಕ್ಕೆ ತಂತು ಉಳಿದಿರಬೇಕು. ಲಕ್ವ ಹೊಡೆದಾಗ ಅದನ್ನು ಉಳಿಸುವ ಹೊತ್ತು ಮೊದಲ ಕೆಲವು ಗಂಟೆ ಮಾತ್ರ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಅದಕ್ಕೂ ಮುಂಚೆ, ರಕ್ತ ಕಟ್ಟಿದೆಯೋ ರಕ್ತನಾಳ ಒಡೆದಿದೆಯೋ ಎಂದು ಸ್ಕ್ಯಾನ್ ಮಾಡಿ ತಿಳಿಯಬೇಕು. 2022ರಲ್ಲಿ ನಿಮ್ಹಾನ್ಸ್ ಜೊತೆ ರಾಜ್ಯ ಸರ್ಕಾರ ಶುರುಮಾಡಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳಲ್ಲಿ ಲಕ್ವವೂ ಸೇರಿದಂತೆ ಮಿದುಳಿನ ಕಾಯಿಲೆಗಳಿಗಾಗಿ ವೈದ್ಯರನ್ನು ತಯಾರು ಮಾಡುತ್ತಿದೆ. ಆದರೆ ತುಬಚಿಯಂಥ ಊರಿನಿಂದ ದೊಡ್ಡ ಆಸ್ಪತ್ರೆ ಮುಟ್ಟುವ ಹೊತ್ತನ್ನು ಯಾವ ಕಾರ್ಯಕ್ರಮವೂ ಒಂದೇಟಿಗೆ ಕಡಿಮೆ ಮಾಡಲಾರದು. ಕಡಿಮೆ ಮಾಡಬಹುದಾದದ್ದು ಮನೆಯಲ್ಲಿ ಕಾಯುತ್ತಾ ಕೂರುವ ಹೊತ್ತು.

ನಿಮ್ಮ ಮನೆಯಲ್ಲಿ ಯಾರದಾದರೂ ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದೆ ಹೋದರೆ, ಮಾತು ತೊದಲಿದರೆ, ಮಲಗಿಸಿ ನೋಡೋಣ ಎನ್ನಬೇಡಿ. ನೀರು, ಗುಳಿಗೆ ಏನನ್ನೂ ಬಾಯಿಗೆ ಹಾಕಬೇಡಿ. ಎಷ್ಟು ಗಂಟೆಗೆ ಶುರುವಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಆ ಕ್ಷಣವೇ 108ಕ್ಕೆ ಫೋನ್ ಮಾಡಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಕರೆದುಕೊಂಡು ಹೋಗಿ ಎಂದು ಕೇಳಿ.